ಲಿನಕ್ಸಿನ ಎಮ್‌ಮ್ಯಾಪ್: ಹುಂಡಿ ಇದೆ, ಬೀಗ ಇಲ್ಲ

ನನಗೆ ಬೇಕಿದ್ದದ್ದು ಒಂದು ಹುಂಡಿ. ಎರಡು ಪ್ರೋಗ್ರಾಂಗಳು ಒಂದೇ ಮೆಮೊರಿಗೆ ಲಾಗ್ ಬರೆಯಬೇಕು, ಒಂದು ಬರೆದದ್ದನ್ನು ಇನ್ನೊಂದು ಓದಬಾರದು. ಹಾಕಬಹುದು, ತೆಗೆಯುವ ಹಾಗಿಲ್ಲ. ಫೈಲನ್ನು ಪ್ರೋಗ್ರಾಂನ ಮೆಮೊರಿಗೇ ಜೋಡಿಸಿಕೊಡುವ ಕಾಲ್ ಎಮ್‌ಮ್ಯಾಪ್. ಅದರಲ್ಲಿ ಓದೋಕೆ, ಬರೆಯೋಕೆ ಬೇರೆ ಬೇರೆ ಫ್ಲ್ಯಾಗ್ ಇದೆಯಲ್ಲ, ಬರೆಯುವ ಫ್ಲ್ಯಾಗ್ ಪ್ರಾಟ್-ರೈಟ್ ಒಂದನ್ನೇ ಕೊಟ್ಟರಾಯ್ತು ಅಂದುಕೊಂಡೆ.

ಮೊದಲು ಎಡವಿದ್ದು ಫೈಲ್ ಹತ್ತಿರವೇ. ಬರೆಯಲು ಮಾತ್ರ ಓಪನ್ ಮಾಡಿದ ಫೈಲ್ ಕೊಟ್ಟು ಶೇರ್ಡ್ ಮ್ಯಾಪಿಂಗ್ (ಪ್ರೋಗ್ರಾಂಗಳು ಹಂಚಿಕೊಳ್ಳುವ ಜೋಡಣೆ) ಕೇಳಿದರೆ 'ಪರ್ಮಿಷನ್ ಡಿನೈಡ್'. ಓದು, ಬರಹ ಎರಡಕ್ಕೂ ತೆರೆದ ಮೇಲೆ ಒಪ್ಪಿಕೊಂಡಿತು. ಆಗಲೇ ಅನುಮಾನ ಬರಬೇಕಿತ್ತು.

4 ಕೆಬಿಯ ಒಂದು ಪೇಜ್, ಅಂದರೆ ಮೆಮೊರಿಯ ಒಂದು ತುಂಡು, ಸಿಕ್ಕಿತು. 42 ಬರೆದೆ. ಸೆಗ್‌ಫಾಲ್ಟ್ ಆಗಿ ಪ್ರೋಗ್ರಾಂ ನಿಂತೇಹೋಗಲಿ ಅಂತಲೇ ಸುಮ್ನೆ ಓದಿ ನೋಡಿದೆ. 42 ಅಂತ ಆರಾಮಾಗಿ ಪ್ರಿಂಟ್ ಆಯ್ತು! ತಮಾಷೆ ಏನು ಗೊತ್ತಾ? ಯಾವ ಮೆಮೊರಿಗೆ ಯಾವ ಅನುಮತಿ ಅಂತ ತೋರಿಸುವ, ಪ್ರಾಕ್ ಫೋಲ್ಡರ್ ಒಳಗಿನ ಮ್ಯಾಪ್ಸ್ ಫೈಲ್ ತೆರೆದರೆ ಓದುವ ಗುರುತಾದ ಆರ್ ಇರಬೇಕಾದ ಕಡೆ ಬರೀ ಗೆರೆ, ಪಕ್ಕದಲ್ಲಿ ಡಬ್ಲ್ಯೂ. ಲೇಬಲ್ ಒಂದು, ಡಬ್ಬಿಯೊಳಗೆ ಇನ್ನೊಂದು.

ಲಿನಕ್ಸಿನ ತಿರುಳಾದ ಕರ್ನಲ್‌ಗೆ ಬೈಯೋಣ ಅಂದರೆ ಅದರ ಕೈಯಲ್ಲೂ ಏನಿಲ್ಲ. ನನ್ನದು ಎಕ್ಸ್86 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. ಅದರ ಪೇಜ್ ಟೇಬಲ್‌ನಲ್ಲಿ (ಪ್ರೊಸೆಸರ್ ನೋಡುವ ಪೇಜ್‌ಗಳ ಪಟ್ಟಿ) ಪೇಜ್ ಇದೆಯಾ ಅನ್ನೋಕೆ ಒಂದು ಬಿಟ್, ಬರೆಯಬಹುದಾ ಅನ್ನೋಕೆ ಇನ್ನೊಂದು. ಓದಬಹುದಾ ಅನ್ನೋಕೆ ಬಿಟ್ಟೇ ಇಲ್ಲ. ರೀಡ್, ರೈಟ್ ಕಾಲ್‌ಗಳಲ್ಲಾದರೆ ಪ್ರತಿ ಸಲವೂ ಕರ್ನಲ್ ಬಾಗಿಲಲ್ಲಿ ನಿಂತು ಕೇಳುತ್ತದೆ. ಮ್ಯಾಪ್ ಮಾಡಿಕೊಟ್ಟ ಮೇಲೆ ಕಾವಲಿಗೆ ಉಳಿಯುವುದು ಪ್ರೊಸೆಸರ್ ಒಂದೇ. ಅದಕ್ಕೆ ಆ ಪ್ರಶ್ನೆಯೇ ಗೊತ್ತಿಲ್ಲ.

ರಿಸ್ಕ್-ಫೈವ್ ಅನ್ನುವ ಇನ್ನೊಂದು ಬಗೆಯ ಪ್ರೊಸೆಸರ್‌ನಲ್ಲಿ ಓದೋಕೆ ಬೇರೆ ಬಿಟ್ ಇದೆ ಅಂತ ಗೊತ್ತಾದಾಗ ಆಸೆ ಹುಟ್ಟಿತು. ಆದರೆ ಬರೆಯುವ ಬಿಟ್ 1, ಓದುವ ಬಿಟ್ 0 ಅನ್ನುವ ಜೋಡಿಯನ್ನು ಮುಂದೆಂದಾದರೂ ಬೇಕಾದೀತು ಅಂತ ಎತ್ತಿಟ್ಟಿದ್ದಾರೆ, ಈಗ ಬಳಸುವಂತಿಲ್ಲ. ಅಲ್ಲಿ ಇಂಥದ್ದು ಕೇಳಿದರೆ ಲಿನಕ್ಸ್ ಸ್ವಲ್ಪ ಕಾಲ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅನ್ನುತ್ತಿತ್ತು. 2022ರಲ್ಲಿ ಅದನ್ನು ಬದಲಿಸಿ, ಬರೆಯೋಕೆ ಕೇಳಿದರೆ ಓದೋಕೂ ಕೊಡುವ ಹಾಗೆ ಮಾಡಿದರು. ನನ್ನ ಕೇಳಿದರೆ ಮೊದಲಿನದೇ ವಾಸಿ. ಇಲ್ಲದ ಸಾಮಾನು ಇಲ್ಲ ಅಂತ ಮುಖಕ್ಕೆ ಹೇಳುವ ಅಂಗಡಿಯೇ ಒಳ್ಳೇದಲ್ವಾ?

ಕೈಪಿಡಿಯಲ್ಲಿ, ಅಂದರೆ ಮ್ಯಾನ್ ಪೇಜ್‌ನಲ್ಲಿ, ಈ ವಿಷಯ ಬರೆದಿಲ್ಲ ಅಂತಲ್ಲ. ಕೆಳಗಡೆ ಒಂದೇ ಸಾಲಿದೆ. ಅರ್ಧ ದಿನ ಹಾಳಾದ ಮೇಲೆ ನನ್ನ ಕಣ್ಣಿಗೆ ಬಿತ್ತು. ಆ ಸಾಲನ್ನು ಪ್ರಾಟ್-ರೈಟ್ ಪಕ್ಕದಲ್ಲೇ ಹಾಕಿದ್ದರೆ ಒಂದು ಸ್ಟಾರ್ ಜಾಸ್ತಿ ಕೊಡುತ್ತಿದ್ದೆ.

ಕೊನೆಗೆ ಪೈಪ್ ಬಳಸಿದೆ, ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವಂಥದ್ದು. ಬರೆಯುವ ತುದಿಯಿಂದ ರೀಡ್ ಮಾಡಲು ಹೋದರೆ 'ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್' ಅಂತ ಗದರಿ ಕಳಿಸುತ್ತದೆ. ಎಮ್‌ಮ್ಯಾಪ್ ಅನ್ನು ದೊಡ್ಡ ಲಾಗ್ ಫೈಲ್‌ಗಳನ್ನು ಓದೋಕೆ ಇಟ್ಟುಕೊಂಡಿದ್ದೇನೆ, ಅದಕ್ಕೆ ಚೆನ್ನಾಗಿದೆ. 5ಕ್ಕೆ ಮೂರೂವರೆ.