ಎಲ್ಡನ್ ರಿಂಗ್: ಗುರಾಣಿ ಹಿಡಿದವರಿಗೆ ಮಲೇನಿಯಾ ಹಾಕುವ ಸುಂಕ

ಗುರಾಣಿ ಎತ್ತಿ ಏಟನ್ನು ಸರಿಯಾಗಿಯೇ ತಡೆದಿರುತ್ತೀರಿ. ನಿಮ್ಮ ಹೆಲ್ತ್ ಬಾರ್ ಒಂದೆಳೆಯಷ್ಟೂ ಇಳಿದಿರುವುದಿಲ್ಲ. ಪರದೆಯ ಕೆಳಗೆ ಮಲೇನಿಯಾಳ ಬಾರ್ ನೋಡಿದರೆ ಅದು ಏರಿರುತ್ತದೆ! ಕತ್ತಿ ನಿಮ್ಮ ಮೈಗೆ ತಾಗಲಿ, ಗುರಾಣಿಗೆ ತಾಗಲಿ, ನೀವು ಸಹಾಯಕ್ಕೆ ಕರೆದ ಆತ್ಮಕ್ಕೆ ತಾಗಲಿ, ತಾಗಿದ್ದಕ್ಕೆಲ್ಲ ಈ ಬಾಸ್‌ಗೆ, ಅಂದರೆ ದೊಡ್ಡ ಎದುರಾಳಿಗೆ, ಜೀವ ವಾಪಸು. ಎಲ್ಡನ್ ರಿಂಗ್ ಅನ್ನುವ ಈ ವಿಡಿಯೋ ಗೇಮ್ 2022ರ ಫೆಬ್ರವರಿ 25ಕ್ಕೆ ಬಂತು. ಅಂದಿನಿಂದ ಎಷ್ಟೋ ಪ್ಯಾಚ್ (ಆಟವನ್ನು ತಿದ್ದುವ ಅಪ್‌ಡೇಟ್) ಬಂದು ಹೋದವು, ಈ ಒಂದು ನಿಯಮ ಮಾತ್ರ ಅಲ್ಲಾಡಿಲ್ಲ. ಈ ವಿಮರ್ಶೆಯ ಮುಕ್ಕಾಲು ಪಾಲು ಅದರ ಬಗ್ಗೆಯೇ. ಗ್ರಾಫಿಕ್ಸ್, ಮ್ಯಾಪ್, ಕುದುರೆ ಎಲ್ಲ ನೀವು ನೋಡಿಯೇ ಇರುತ್ತೀರಿ.

ಸಿಟ್ಟು ಬರುವುದಕ್ಕೆ ಕಾರಣ ಇದೆ. ಈ ಆಟದ ಕೌಶಲ್ಯ ವ್ಯವಸ್ಥೆ ಅಷ್ಟು ಉದಾರ. ಎಂಟು ಗುಣಗಳು: ವಿಗರ್ (ಜೀವ), ಮೈಂಡ್ (ಮಂತ್ರಶಕ್ತಿ), ಎಂಡ್ಯೂರೆನ್ಸ್ (ದಮ್ಮು, ಭಾರ ಹೊರುವ ಶಕ್ತಿ), ಸ್ಟ್ರೆಂತ್, ಡೆಕ್ಸ್‌ಟೆರಿಟಿ, ಇಂಟೆಲಿಜೆನ್ಸ್, ಫೇತ್, ಆರ್ಕೇನ್. ಒಂದೊಂದೂ 99ರ ತನಕ ಏರುತ್ತದೆ. ಹೀಗೇ ಆಡು ಅಂತ ಯಾರೂ ಹೇಳುವುದಿಲ್ಲ. ಮಂತ್ರದ ಕೋಲು ಹಿಡಿಯಿರಿ, ಎರಡು ಕೈಯಲ್ಲಿ ಕೊಡಲಿ ಬೀಸಿ, ಗುರಾಣಿಯ ಮರೆಯಲ್ಲಿ ಈಟಿ ಚುಚ್ಚಿ, ಎಲ್ಲಕ್ಕೂ ದಾರಿ ಇದೆ. ಮೊದಲ ಪ್ರದೇಶ ಲಿಮ್‌ಗ್ರೇವ್‌ನಿಂದ ಶುರುವಾಗಿ ಎಪ್ಪತ್ತು ಎಂಬತ್ತು ಗಂಟೆ ಆ ಭರವಸೆ ಉಳಿದುಕೊಳ್ಳುತ್ತದೆ. ಆಮೇಲೆ ಹ್ಯಾಲಿಗ್‌ಟ್ರೀ ಮರದ ಬುಡದಲ್ಲಿ ಒಬ್ಬಳು ಕೂತಿರುತ್ತಾಳೆ, ಗುರಾಣಿಯವರು ಮಾತ್ರ ಸುಂಕ ಕಟ್ಟಿ ಒಳಗೆ ಬನ್ನಿ ಅನ್ನುತ್ತಾಳೆ.

ಮೊದಲು ಆ ಉದಾರತೆಯ ಬಗ್ಗೆ ಎರಡು ಮಾತು, ಯಾಕೆಂದರೆ ದಿನಾ ಕೈಗೆ ಸಿಗುವ ಸುಖ ಅದೇ. ಗೇಟ್‌ಫ್ರಂಟ್ ರೂಯಿನ್ಸ್‌ನ ನೆಲಮಾಳಿಗೆಯ ಪೆಟ್ಟಿಗೆಯಲ್ಲಿ ವೆಟ್‌ಸ್ಟೋನ್ ನೈಫ್ ಇದೆ. ಅದು ಕೈಗೆ ಬಂದ ಮೇಲೆ ಯಾವುದೇ ಗ್ರೇಸ್‌ನ (ವಿಶ್ರಾಂತಿ ತಾಣದ) ಪಕ್ಕ ಕೂತು ಆಯುಧದ ಕೌಶಲ್ಯವನ್ನು, ಅಂದರೆ ಆ್ಯಶ್ ಆಫ್ ವಾರ್ ಅನ್ನು, ಬದಲಾಯಿಸಬಹುದು. ಇದಕ್ಕೆ ಒಂದು ರೂನ್ (ಆಟದ ಹಣ) ಕೂಡ ಖರ್ಚಿಲ್ಲ. ಜೊತೆಗೆ ಅಫಿನಿಟಿ, ಅಂದರೆ ಆಯುಧ ಯಾವ ಗುಣದಿಂದ ಬಲ ಪಡೆಯುತ್ತದೆ ಅನ್ನುವುದು ಕೂಡ ಬದಲಾಗುತ್ತದೆ: ಹೆವಿ ಹಾಕಿದರೆ ಕತ್ತಿ ಸ್ಟ್ರೆಂತ್ ಕಡೆ ವಾಲುತ್ತದೆ, ಕೀನ್ ಹಾಕಿದರೆ ಡೆಕ್ಸ್‌ಟೆರಿಟಿ ಕಡೆ, ಬ್ಲಡ್ ಹಾಕಿದರೆ ಆರ್ಕೇನ್ ಕಡೆ. ಬೆಳಿಗ್ಗೆ ಒಂದು ಕತ್ತಿ, ಸಂಜೆಗೆ ಅದೇ ಕತ್ತಿ ಬೇರೆ ಗುಣದ್ದು. ಒಂದು ಆ್ಯಶ್ ಒಂದೇ ಆಯುಧಕ್ಕೆ. ಇನ್ನೊಂದು ಪ್ರತಿ ಬೇಕಾದರೆ ರೌಂಡ್‌ಟೇಬಲ್‌ನ ಕಮ್ಮಾರ ಹ್ಯೂಗ್ ಹತ್ತಿರ ಲಾಸ್ಟ್ ಆ್ಯಶಸ್ ಅನ್ನುವ ವಸ್ತು ಕೊಟ್ಟು ನಕಲು ಮಾಡಿಸಬೇಕು. ಸೋಂಬರ್ ಕಲ್ಲಿನಿಂದ ಬೆಳೆಯುವ ವಿಶೇಷ ಆಯುಧಗಳಿಗೆ ಮಾತ್ರ ಈ ಸೌಕರ್ಯ ಇಲ್ಲ, ಅವುಗಳ ಕೌಶಲ್ಯ ಅಂಟಿಕೊಂಡೇ ಇರುತ್ತದೆ.

ಗುರಾಣಿಯವರು ಇಲ್ಲೇ ಎಡವುವ ಒಂದು ಜಾಗ ಇದೆ. ಎಡಗೈಯ ಗುರಾಣಿಗೆ ಪ್ಯಾರಿಯಂಥ (ಏಟನ್ನು ತಳ್ಳಿಹಾಕುವ) ಕೌಶಲ್ಯ ಇದ್ದರೆ ಬಟನ್ ಒತ್ತಿದಾಗ ಗುರಾಣಿಯದ್ದೇ ಓಡುತ್ತದೆ. ಬಲಗೈ ಕತ್ತಿಯ ಕೌಶಲ್ಯ ಸತ್ತ ಹಾಗೆ. ಎಷ್ಟೋ ಜನ ಕತ್ತಿಗೆ ಒಳ್ಳೆಯ ಆ್ಯಶ್ ಹಾಕಿ, ಅದು ಕೆಲಸವೇ ಮಾಡುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುವುದು ಇದಕ್ಕೇ. ಮದ್ದು ಸರಳ: ವಾರ್‌ಮಾಸ್ಟರ್ಸ್ ಶ್ಯಾಕ್‌ನಲ್ಲಿ ಕೂತಿರುವ ಬರ್ನಾಲ್ ಹತ್ತಿರ 'ನೋ ಸ್ಕಿಲ್' ಅನ್ನುವ ಆ್ಯಶ್ ಮಾರಾಟಕ್ಕಿದೆ. ಅದನ್ನು ಗುರಾಣಿಗೆ ಹಾಕಿ. ಗುರಾಣಿ ಸುಮ್ಮನಾಗುತ್ತದೆ, ಕತ್ತಿಯ ಕೌಶಲ್ಯ ಬಟನ್‌ಗೆ ಬರುತ್ತದೆ. ಏನೂ ಇಲ್ಲದ್ದನ್ನು ದುಡ್ಡು ಕೊಟ್ಟು ತರುವುದು ಈ ಆಟದ ಅತಿ ಉಪಯೋಗದ ಖರೀದಿ.

ಲೆಕ್ಕಾಚಾರ ಮಾತ್ರ ಆಟ ಬಾಯಿ ಬಿಟ್ಟು ಹೇಳುವುದಿಲ್ಲ. ವಿಗರ್ 40ಕ್ಕೆ 1450 ಎಚ್‌ಪಿ (ಜೀವದ ಅಂಕ), 60ಕ್ಕೆ 1900. ಅಲ್ಲಿಂದ 99ರವರೆಗೆ 39 ಲೆವೆಲ್ ಸುರಿದರೂ ಸಿಗುವುದು ಬರೀ 200. ಹಾಗಾಗಿ 60ರಲ್ಲಿ ನಿಲ್ಲಿಸಿ. ಎರಡೂ ಕೈಯಲ್ಲಿ ಆಯುಧ ಹಿಡಿದರೆ ಸ್ಟ್ರೆಂತ್ ಒಂದೂವರೆ ಪಟ್ಟು ಲೆಕ್ಕ, 66 ಇದ್ದರೆ 99 ಇದ್ದಂತೆ. ಹೊತ್ತ ಭಾರ ಮಿತಿಯ 70 ಶೇಕಡಾ ಮುಟ್ಟಿತೋ ರೋಲ್ (ಏಟು ತಪ್ಪಿಸುವ ಉರುಳು) ಹೋಗಿ ದೊಪ್ಪನೆ ಬೀಳುವುದಾಗುತ್ತದೆ. ದೊಡ್ಡ ಗುರಾಣಿಯವರು ಎಂಡ್ಯೂರೆನ್ಸ್‌ಗೆ ಪಾಯಿಂಟ್ ಹಾಕದೆ ಗತಿಯಿಲ್ಲ. ಸಾಮಾನ್ಯ ಆಯುಧವನ್ನು +24 ಮಾಡಲು ಒಟ್ಟು 96 ಸ್ಮಿತಿಂಗ್ ಸ್ಟೋನ್, ಕೊನೆಯ +25ಕ್ಕೆ ಒಂದು ಏನ್ಷಿಯಂಟ್ ಡ್ರ್ಯಾಗನ್ ಸ್ಟೋನ್. ಕೈಗೆ ಸಿಕ್ಕ ನಾಲ್ಕು ಕತ್ತಿಗೆ ಕಲ್ಲು ಹಂಚಿದವರ ನಾಲ್ಕೂ ಕತ್ತಿ ಮೊಂಡು. ನನ್ನ ಲೆಕ್ಕ ಜಿಪುಣರ ಲೆಕ್ಕ: ಒಂದು ಈಟಿ, ಒಂದು ಗುರಾಣಿ, ಮಿಕ್ಕಿದ್ದೆಲ್ಲ ಪೆಟ್ಟಿಗೆಯಲ್ಲಿ.

ಇನ್ನು ಫ್ಲಾಸ್ಕ್, ಅಂದರೆ ಮದ್ದಿನ ಬಾಟಲಿ. ಬಾಸ್ ಬಾಗಿಲಿಗೆ ಮುಂಚೆ ಗ್ರೇಸ್‌ನಲ್ಲಿ ಕೂತು ಮಾಡುವ ಈ ಸಣ್ಣ ಕೆಲಸ, ಅಡುಗೆಗೆ ಮೊದಲು ಮಸಾಲೆ ಡಬ್ಬಿ ತೆರೆದು ನೋಡಿದಂತೆ. ಆರಂಭದಲ್ಲಿ ನಾಲ್ಕು, 30 ಗೋಲ್ಡನ್ ಸೀಡ್ ಹಾಕಿದ ಮೇಲೆ 14. ಈ ಹದಿನಾಲ್ಕನ್ನು ಕೆಂಪು (ಜೀವಕ್ಕೆ), ನೀಲಿ (ಮಂತ್ರಶಕ್ತಿಯ ಅಂಕ ಎಫ್‌ಪಿಗೆ) ಅಂತ ಹಂಚಬೇಕು. ಗುರಾಣಿಗೆ 11-3 ಸಾಕು. ಅದಾದ ಮೇಲೆ ಥರ್ಡ್ ಚರ್ಚ್ ಆಫ್ ಮರಿಕಾದಲ್ಲಿ ಸಿಗುವ ವಂಡ್ರಸ್ ಫಿಸಿಕ್ ಅನ್ನುವ ಬಾಟಲಿಗೆ ಎರಡು ಹನಿ (ಟಿಯರ್) ಬೆರೆಸುವುದು. ಓಪಲೈನ್ ಹಾರ್ಡ್‌ಟಿಯರ್ ಹಾಕಿದರೆ ಮೂರು ನಿಮಿಷ ಏಟು ಹಗುರ. ಸ್ಟೋನ್‌ಬಾರ್ಬ್ ಹಾಕಿದರೆ 30 ಸೆಕೆಂಡು ನಿಮ್ಮ ಹೊಡೆತಕ್ಕೆ ಎದುರಾಳಿ ಬೇಗ ಮುಗ್ಗರಿಸುತ್ತಾನೆ. ಬಾಗಿಲ ಹೊರಗೇ ಕುಡಿದು ಒಳಗೆ ಹೋಗುವವರ ಸ್ಟೋನ್‌ಬಾರ್ಬ್ ಮೊದಲ ಓಟದಲ್ಲೇ ಅರ್ಧ ಮುಗಿದಿರುತ್ತದೆ. ಒಳಗೆ ಹೋಗಿ, ಮೊದಲ ಏಟು ತಪ್ಪಿಸಿಕೊಂಡು ಆಮೇಲೆ ಕುಡಿಯಿರಿ.

ಉಳಿದ ಖಳರ ಮೇಲೆ ತಕರಾರಿಲ್ಲ. ಮಾರ್ಗಿಟ್ ಕೋಲು ಎತ್ತಿ, ನೀವು ರೋಲ್ ಮಾಡಿ ಮುಗಿಸುವವರೆಗೂ ಕಾದು ಬೀಸುತ್ತಾನೆ. ಅವಸರದವರಿಗೆ ಅದೇ ಮೊದಲ ಪಾಠ. ಅದೂ ಆಗದಿದ್ದರೆ ಪ್ಯಾಚಸ್ ಅನ್ನುವ ವ್ಯಾಪಾರಿಯ ಹತ್ತಿರ 5000 ರೂನ್‌ಗೆ ಶ್ಯಾಕಲ್ (ಸಂಕೋಲೆ) ಸಿಗುತ್ತದೆ, ಅವನನ್ನು ನೆಲಕ್ಕೆ ಕಟ್ಟಿಹಾಕಬಹುದು. ಮೋಗ್ ಎಣಿಸಿ ಎಣಿಸಿ ಕೊನೆಗೆ 'ನಿಹಿಲ್' ಅಂತ ರಕ್ತ ಹೀರುತ್ತಾನೆ, ತನ್ನ ಜೀವ ತುಂಬಿಕೊಳ್ಳುತ್ತಾನೆ. ಆದರೆ ಅದಕ್ಕೆ ಪ್ಯೂರಿಫೈಯಿಂಗ್ ಕ್ರಿಸ್ಟಲ್ ಟಿಯರ್ ಅನ್ನುವ ಮದ್ದನ್ನು ಆಟವೇ ಇಟ್ಟಿದೆ. ಎಲ್ಡನ್ ಬೀಸ್ಟ್ ಹಿಂದೆ ಓಡಿ ಓಡಿ ಸುಸ್ತು ಅಂತ ಎಲ್ಲರೂ ಗೊಣಗಿದ್ದಕ್ಕೆ 2024ರ ಜೂನ್ ಪ್ಯಾಚ್‌ನಲ್ಲಿ ಅಲ್ಲಿಗೂ ಕುದುರೆ ಕೊಟ್ಟರು. ಡಿಎಲ್‌ಸಿಯ (ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗದ) ಕೊನೆಯ ಬಾಸ್ ರಾಡಾನ್‌ನನ್ನೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತುಸು ಮೆತ್ತಗೆ ಮಾಡಿದರು. ಹೀಗೆ ಎಲ್ಲ ಬೀಗಕ್ಕೂ ಎಲ್ಲೋ ಒಂದು ಕೀಲಿ ಇದೆ. ಗುರಾಣಿ ಮೇಲಿನ ಏಟಿಗೆ ಮಲೇನಿಯಾ ಜೀವ ಹೀರುವುದನ್ನು ನಿಲ್ಲಿಸುವ ಒಂದು ತಾಯಿತವೂ ಇಲ್ಲ, ಒಂದು ಹನಿಯೂ ಇಲ್ಲ.

ಅವಳ ಜೀವ ಸುಮಾರು 33,000. ಮುಕ್ಕಾಲಕ್ಕೆ ಇಳಿದ ಮೇಲೆ ವಾಟರ್‌ಫೌಲ್ ಡ್ಯಾನ್ಸ್ ಅನ್ನುವ ಸುತ್ತು ಸುತ್ತಿನ ದಾಳಿ ಶುರು. ಗಾಳಿಗೆ ಜಿಗಿದು ಒಂದು ಕಾಲು ಮಡಚಿ ಒಂದು ಕ್ಷಣ ನಿಲ್ಲುತ್ತಾಳೆ. ಆ ಕ್ಷಣವೇ ನಿಮ್ಮ ಪೂರ್ತಿ ಬಂಡವಾಳ. ಮೊದಲ ಸುತ್ತು ಬರುವಾಗ ಬೆನ್ನು ಹಾಕಿ ಓಡಬೇಕು, ಎರಡನೆಯದಕ್ಕೆ ಅವಳ ಕಡೆಗೇ ರೋಲ್ ಮಾಡಿ ಕೆಳಗಿಂದ ನುಸುಳಬೇಕು, ಮೂರನೆಯದಕ್ಕೆ ಇನ್ನೊಂದು ರೋಲ್. ಗುರಾಣಿಯವರಿಗೆ ಸಹಜವಾಗಿ ಬರುವುದು ನಿಂತು ತಡೆಯುವುದು. ತಡೆದರೆ ಹೀಗಾಗುತ್ತದೆ: ಏಟಿನ ಮೇಲೆ ಏಟು ಗುರಾಣಿಗೆ ಬೀಳುತ್ತದೆ, ಪ್ರತಿಯೊಂದಕ್ಕೂ ಅವಳ ಬಾರ್ ಏರುತ್ತದೆ. ನಿಮ್ಮ ಸ್ಟ್ಯಾಮಿನಾ ಸೋರುತ್ತಾ ಹೋಗಿ, ಎರಡನೇ ಸುತ್ತಿಗೆ ಕೈ ತೆರೆದುಹೋಗಿ, ಉಳಿದ ಏಟು ಮೈಗೆ. ಐದು ನಿಮಿಷ ಕಷ್ಟಪಟ್ಟು ಇಳಿಸಿದ್ದು ನಾಲ್ಕು ಸೆಕೆಂಡಿಗೆ ವಾಪಸು. ಮಿಮಿಕ್ ಟಿಯರ್ ಅನ್ನುವ ಆತ್ಮವನ್ನು ಕರೆದವರ ಕಥೆಯೂ ಅಷ್ಟೇ. ಅದಕ್ಕೆ 660 ಎಚ್‌ಪಿ ಕಟ್ಟಿರುತ್ತೀರಿ, ಅದು ಏಟು ತಿಂದಷ್ಟೂ ಅವಳಿಗೆ ಲಾಭ.

ಇಷ್ಟು ಬೈದ ಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ಸುಂಕ ಎಷ್ಟು ಅಂತ ಗೊತ್ತಾದ ಮೇಲೆ ವ್ಯಾಪಾರ ಮಾಡಲು ಬರುತ್ತದೆ. ಅವಳ ಜೀವ ದೊಡ್ಡದು, ಕಾಲು ಮಾತ್ರ ಹಗುರ. ಬೇರೆ ದೊಡ್ಡ ಬಾಸ್‌ಗಳು ಏಟು ತಿಂದರೂ ಕದಲುವುದಿಲ್ಲ, ಇವಳು ಭಾರದ ಏಟಿಗೆ ನಡುಗುತ್ತಾಳೆ. ಆದ್ದರಿಂದ ಅವಳ ಇಡೀ ಸರಣಿಯನ್ನು ತಡೆಯುತ್ತಾ ನಿಲ್ಲಬೇಡಿ. ಒಂದೇ ಒಂದು ಏಟು ತಡೆದು ತಕ್ಷಣ ಹೆವಿ ಬಟನ್ ಒತ್ತಿ ಗಾರ್ಡ್ ಕೌಂಟರ್ ಹೊಡೆಯಿರಿ. ಒಂದು ಏಟಿಗೆ ಅವಳು ವಾಪಸು ಪಡೆಯುವುದು ಚಿಲ್ಲರೆ, ಕೌಂಟರ್ ಕಿತ್ತುಕೊಳ್ಳುವುದು ನೋಟು. ಮೂರು ಏಟು ತಡೆದು ಒಂದು ಕೌಂಟರ್ ಹೊಡೆದರೆ ನಷ್ಟದ ವ್ಯಾಪಾರ. ಈಟಿ ಅಥವಾ ರೇಪಿಯರ್ ಇದ್ದರೆ ಗುರಾಣಿ ಎತ್ತಿಕೊಂಡೇ ಚುಚ್ಚಬಹುದು. ಅದಕ್ಕೆ ಬ್ಲಡ್ ಅಫಿನಿಟಿ ಇರಲಿ, ಅವಳಿಗೆ ರಕ್ತಸ್ರಾವ ತಾಗುತ್ತದೆ. ರಕ್ತ ಒಮ್ಮೆ ಚಿಮ್ಮಿದರೆ ಅವಳು ಹೀರಿದ್ದರಲ್ಲಿ ಬಹುಪಾಲು ಅಲ್ಲಿಗೇ ಚುಕ್ತಾ.

ವಾಟರ್‌ಫೌಲ್‌ಗೆ ಮಡಕೆ. ಫ್ರೀಜಿಂಗ್ ಪಾಟ್ ಅನ್ನು ಕ್ವಿಕ್ ಐಟಂನಲ್ಲಿ ಮೊದಲ ಸ್ಥಾನಕ್ಕೆ ಹಾಕಿಟ್ಟು, ಅವಳು ಗಾಳಿಯಲ್ಲಿ ನಿಂತ ಆ ಕ್ಷಣಕ್ಕೆ ಎಸೆದರೆ ನಾಟ್ಯ ಅರ್ಧಕ್ಕೇ ಮುರಿದು ಕೆಳಗೆ ಬೀಳುತ್ತಾಳೆ. ಲಾಕ್-ಆನ್ (ಗುರಿಯನ್ನು ಅವಳ ಮೇಲೆ ಕಟ್ಟುವುದು) ಇರಲೇಬೇಕು, ಇಲ್ಲದಿದ್ದರೆ ಮಡಕೆ ಅವಳ ಕಾಲ ಕೆಳಗಿಂದ ಹೋಗುತ್ತದೆ. ತಡವಾದರೂ ಕೆಲಸ ಕೆಟ್ಟಿತು, ಎಸೆಯಲು ಕೈ ಎತ್ತುವಷ್ಟರಲ್ಲಿ ಮೊದಲ ಸುತ್ತು ಬಂದಿರುತ್ತದೆ. ಖಾಲಿ ಮಡಕೆ ವಾಪಸು ಬರುತ್ತದೆ, ಒಳಗಿನ ಸಾಮಗ್ರಿ ಮಾತ್ರ ಮತ್ತೆ ಹುಡುಕಬೇಕು. ಆತ್ಮ ಕರೆಯುವುದಾದರೆ ಮಿಮಿಕ್ ಬಿಟ್ಟು ಬ್ಲ್ಯಾಕ್ ನೈಫ್ ಟಿಶೆಯನ್ನು ಕರೆಯಿರಿ. ಅವಳು ಚುರುಕಾಗಿ ತಪ್ಪಿಸಿಕೊಳ್ಳುತ್ತಾಳೆ, ತಪ್ಪಿಸಿಕೊಂಡಷ್ಟೂ ಮಲೇನಿಯಾಗೆ ಊಟ ಕಮ್ಮಿ. ಇದಕ್ಕೆ 132 ಎಫ್‌ಪಿ ಬೇಕು, ಮೈಂಡ್‌ಗೆ ಒಂದಷ್ಟು ಪಾಯಿಂಟ್ ಹಾಕದ ಗುರಾಣಿಯವರಿಗೆ ಎಟುಕದು.

ಬಾರ್ ಒಮ್ಮೆ ಖಾಲಿಯಾದ ಮೇಲೆ ಅವಳ ಎರಡನೇ ಹಂತ 80 ಶೇಕಡಾ ಜೀವದಿಂದ ಶುರುವಾಗುತ್ತದೆ. ಮೇಲಿಂದ ಹೂವಿನಂತೆ ಧುಮುಕುತ್ತಾಳೆ, ದೂರ ಓಡಿ. ಹೂವು ಅರಳಿ ಅವಳು ಒಳಗೆ ಕೂತಿರುವಾಗ ಒಂದೆರಡು ಭಾರದ ಏಟಿಗೆ ಸಮಯ ಇದೆ, ಮೂರನೆಯದಕ್ಕೆ ಆಸೆಪಟ್ಟರೆ ಕೊಳೆತ (ಜೀವ ಸೋರಿಸುವ ರೋಗ) ಹತ್ತುತ್ತದೆ. ಇಷ್ಟು ಬಿಟ್ಟರೆ ಲೆಕ್ಕ ಹಳೆಯದೇ.

ಗುರಾಣಿ ಬೇಡವೇ ಬೇಡ ಅನ್ನಿಸಿದರೆ ರೆನಾಲಾ ಅನ್ನುವ ಪಾತ್ರದ ಹತ್ತಿರ ಲಾರ್ವಲ್ ಟಿಯರ್ ಅನ್ನುವ ವಸ್ತು ಕೊಟ್ಟು ಎಲ್ಲ ಪಾಯಿಂಟ್ ವಾಪಸು ಪಡೆದು ಹೊಸದಾಗಿ ಹಂಚಬಹುದು. ಮೂಲ ಆಟದಲ್ಲಿ ಇವು 18 ಸಿಗುತ್ತವೆ. ಆರಂಭದಲ್ಲಿ ಆರಿಸಿದ ವರ್ಗದ ಅಂಕಿಗಿಂತ ಕೆಳಗೆ ಇಳಿಸಲು ಆಗುವುದಿಲ್ಲ, ವ್ಯಾಗಬಾಂಡ್ ಆರಿಸಿದವರ ವಿಗರ್ 15, ಸ್ಟ್ರೆಂತ್ 14, ಡೆಕ್ಸ್‌ಟೆರಿಟಿ 13 ಅಲ್ಲಿಗೇ ಗಟ್ಟಿ. ಒಬ್ಬಳಿಗೋಸ್ಕರ ವೇಷ ಬದಲಿಸಿ, ಅವಳು ಸತ್ತ ಮೇಲೆ ಇನ್ನೊಂದು ಟಿಯರ್ ಕೊಟ್ಟು ಹಳೆಯ ವೇಷಕ್ಕೆ ಬರುವುದೂ ನ್ಯಾಯವೇ, ಆಟ ಅದಕ್ಕೇ ಅಷ್ಟೊಂದು ಕೊಟ್ಟಿದೆ. ನನಗೆ ಮನಸ್ಸು ಒಪ್ಪುವುದಿಲ್ಲ, ಅದು ನನ್ನ ಹಟ.

ಖರೀದಿ ವಿಚಾರ: ಪೂರ್ತಿ ಬೆಲೆ ಕೊಡುವ ಅವಸರ ಬೇಡ, ಮೂಲ ಆಟ ಸೇಲ್‌ಗೆ ಆಗಾಗ ಬರುತ್ತದೆ. ಡಿಎಲ್‌ಸಿ ಜೊತೆಗೇ ಕೊಂಡರೂ ಮೂಲ ಆಟದ ರಾಡಾನ್ ಮತ್ತು ಮೋಗ್ ಇಬ್ಬರನ್ನೂ ಮುಗಿಸದೆ ಒಳಗೆ ಬಿಡುವುದಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ಗುರಾಣಿಯವರಿಗೆ ಅದರಲ್ಲಿ ಡಿಫ್ಲೆಕ್ಟಿಂಗ್ ಹಾರ್ಡ್‌ಟಿಯರ್ ಅನ್ನುವ ಹನಿ ಇದೆ. ಐದು ನಿಮಿಷದ ಮಟ್ಟಿಗೆ, ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಗುರಾಣಿ ಎತ್ತಿದರೆ ನಷ್ಟ ಕಮ್ಮಿ, ಕೌಂಟರ್ ಜೋರು.

ಇನ್ನೊಂದು ಕಿರಿಕಿರಿ: ಆಟವನ್ನು ಮಧ್ಯೆ ನಿಲ್ಲಿಸುವ ಪಾಸ್ (pause) ಬಟನ್ ಇಲ್ಲ. ಬಾಸ್ ಮಧ್ಯೆ ಗ್ಯಾಸ್ ಸಿಲಿಂಡರ್ ಬಂತು ಅಂತ ಬೆಲ್ ಆದರೆ ಸಾವೇ ಗತಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇನ್ವೆಂಟರಿ ತೆರೆದು, ಹೆಲ್ಪ್ ಬಟನ್ ಒತ್ತಿ, 'ಮೆನು ಎಕ್ಸ್‌ಪ್ಲನೇಷನ್' ಆರಿಸಿ. ಆಟ ಅಲ್ಲೇ ನಿಲ್ಲುತ್ತದೆ, ಮಲೇನಿಯಾ ಕೂಡ, ಒಂದು ಕಾಲು ಮಡಚಿ ಗಾಳಿಯಲ್ಲೇ.