ಎಣಿಕೆ ಕೋಷ್ಟಕ ಬಿಡಿಸಲು ಟೈಡಿಆರ್‌ನ ಅನ್‌ಕೌಂಟ್: ಬಳಸಬಹುದೇ?

ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆವರ್ತನ ಕೋಷ್ಟಕವನ್ನು (ಪ್ರತಿ ಬಗೆಗೂ ಎಷ್ಟು ಸಲ ಬಂದಿದೆ ಎಂಬ ಎಣಿಕೆ ಇರುವ ಪಟ್ಟಿಯನ್ನು) ಒಂದೊಂದೇ ಸಾಲಾಗಿ ಬಿಡಿಸಲು ಟೈಡಿಆರ್ ಪ್ಯಾಕೇಜಿನ ಅನ್‌ಕೌಂಟ್ ಫಂಕ್ಷನ್ ಸಾಕು. ಡೇಟಾ ಫ್ರೇಮ್ (ಸಾಲು, ಕಾಲಂಗಳಿರುವ ದತ್ತಾಂಶ), ಎಣಿಕೆಯ ಕಾಲಂ ಹೆಸರು, ಇಷ್ಟು ಕೊಟ್ಟರೆ ಮುಗಿಯಿತು.

ಆರ್ ಜೊತೆಗೇ ಬರುವ, ಟೈಟಾನಿಕ್ ಹಡಗಿನಲ್ಲಿದ್ದವರ ದತ್ತಾಂಶದಲ್ಲಿ ಪರೀಕ್ಷಿಸಿ. ಅದು ಟೇಬಲ್ ರೂಪದಲ್ಲಿದೆ, ನೇರವಾಗಿ ಕೊಟ್ಟರೆ ನಡೆಯದು. ಮೊದಲು ಡೇಟಾ ಫ್ರೇಮ್ ಮಾಡಬೇಕು. ಆಗ ಸಿಗುವ 32 ಸಾಲುಗಳು ಬಿಡಿಸಿದ ಮೇಲೆ 2201 ಆಗುತ್ತವೆ. ಎಣಿಕೆ ಸೊನ್ನೆಯಿರುವ 8 ಸಾಲುಗಳು ಸದ್ದಿಲ್ಲದೆ ಮಾಯವಾಗುತ್ತವೆ. ತಪ್ಪೇನಲ್ಲ, ಆದರೆ ಗೊತ್ತಿರಬೇಕು.

ಎಣಿಕೆಯ ಕಾಲಂ ತಾನಾಗಿಯೇ ಹೋಗುತ್ತದೆ. ರಿಮೂವ್ ಆಯ್ಕೆಯನ್ನು ಫಾಲ್ಸ್ ಮಾಡಿ ಅದನ್ನು ಉಳಿಸಿಕೊಂಡು, ಆಮೇಲೆ ಮರೆತು ಮೊತ್ತ ಹಾಕಿದಿರೋ, ಕೆಟ್ಟಿತು: 5 ಎಂಬ ಎಣಿಕೆ ಐದು ಸಾಲಲ್ಲೂ ಕೂತು 25 ಆಗುತ್ತದೆ. ಐಡಿ ಆಯ್ಕೆ ಮಾತ್ರ ನಿಜಕ್ಕೂ ಉಪಯುಕ್ತ. ಪ್ರತಿ ನಕಲಿಗೂ 1, 2, 3 ಎಂದು ಕ್ರಮಸಂಖ್ಯೆ ಕೊಡುತ್ತದೆ.

ಪ್ಯಾಕೇಜ್ ಬೇಡವೆಂದರೆ, ಸಾಲಿನ ಸಂಖ್ಯೆಗಳನ್ನು ರೆಪ್ ಫಂಕ್ಷನ್ನಿನಿಂದ ಎಣಿಕೆಯಷ್ಟು ಸಲ ಪುನರಾವರ್ತಿಸಿ, ಅದನ್ನೇ ಡೇಟಾ ಫ್ರೇಮ್ ಹೆಸರಿನ ಮುಂದಿನ ಚೌಕಾವರಣದೊಳಗೆ ಅಲ್ಪವಿರಾಮಕ್ಕೆ ಮೊದಲು ಇಡಿ. ಆದರೆ ಸಾಲಿನ ಹೆಸರುಗಳು 3, 3.1, 3.2 ಎಂದು ಬರುತ್ತವೆ, ಅಳಿಸಬೇಕು. ಎಣಿಕೆ 2.9 ಇದ್ದರೆ ರೆಪ್ ತುಟಿಪಿಟಕ್ಕೆನ್ನದೆ 2 ಮಾಡುತ್ತದೆ. ಅನ್‌ಕೌಂಟ್ ದೋಷ ತೋರಿಸಿ ನಿಲ್ಲುತ್ತದೆ, ಅದನ್ನು ಆರಿಸಲು ಈ ಒಂದೇ ಕಾರಣ ಸಾಕು.

ಎಣಿಕೆಗಳು ಕೋಟಿ ಮುಟ್ಟಿದರೆ ಮಾತ್ರ ಬಿಡಿಸಲೇಬೇಡಿ, ಮೆಮೊರಿ ತುಂಬಿಹೋಗಬಹುದು. ಲಾಜಿಸ್ಟಿಕ್ ರಿಗ್ರೆಷನ್‌ಗೆ (ಹೌದು-ಇಲ್ಲ ಉತ್ತರವನ್ನು ಅಂದಾಜಿಸುವ ವಿಧಾನಕ್ಕೆ) ಆರ್‌ನ ಜಿಎಲ್‌ಎಂ ಫಂಕ್ಷನ್ನಿನ ವೇಯ್ಟ್ಸ್ ಆಯ್ಕೆಯಲ್ಲಿ ಎಣಿಕೆ ಕೊಟ್ಟರೂ ಅದೇ ಗುಣಾಂಕಗಳು ಸಿಗುತ್ತವೆ.