ವೈಟ್‌ವಾಲ್ ಟೈರ್ ಅಂತ ಹೇಳಿ ಬಿಳಿ ರಿಂಗ್ ಸಿಗಿಸಿ ಕೊಡ್ತಾರೆ, ಹುಷಾರು

ಶವವಾಹನ ಓಡಿಸೋರು, ಹಳೇ ಲಕ್ಷುರಿ ಕಾರ್ ಇಟ್ಕೊಂಡಿರೋರು, ಬಿಳಿ ಪಟ್ಟಿ ಟೈರ್ ಹಾಕ್ಸೋ ಯೋಚನೆ ಇದ್ರೆ ಸ್ವಲ್ಪ ಇದನ್ನ ಓದ್ಬಿಡಿ. ನಮ್ಮ ಶವವಾಹನಕ್ಕೆ ವೈಟ್‌ವಾಲೇ ಬೇಕು ಅಂತ ಬಿಡಿಸಿ ಹೇಳಿದ್ವಿ, ಆ ಟೈರ್‌ನವನು ಹೂಂ ಹೂಂ ಅಂದು ಮಾಮೂಲಿ ಕಪ್ಪು ರೇಡಿಯಲ್ ಟೈರ್ ಹಾಕಿ, ರಿಮ್‌ಗೂ ಟೈರ್‌ಗೂ ಮಧ್ಯ ಬಿಳಿ ರಬ್ಬರ್ ರಿಂಗ್ ತುರುಕಿ ಕಳ್ಸಿದ್ದಾನೆ. ನಿಂತಿರೋ ಗಾಡೀಲಿ ಗೊತ್ತೇ ಆಗಲ್ಲ ಇದು, ಮೆರವಣಿಗೆ ಸ್ಪೀಡಲ್ಲೂ ಗೊತ್ತಾಗ್ಲಿಲ್ಲ. ಒಂದ್ಸಲ ಹೈವೇ ಹತ್ತಿದಾಗ ಪಟಪಟ ಪಟಪಟ ಅಂತ ಶುರುವಾಯ್ತು, ಹಿಂದೆ ತೀರ್ಕೊಂಡೋರ ಮನೆಯವರು ಕೂತಿದ್ದಾರೆ, ಅವ್ರು ಅಳು ನಿಲ್ಸಿ ಏನಾಯ್ತು ಅಂತ ಡ್ರೈವರ್ ಮುಖ ನೋಡ್ತಿದ್ದಾರೆ. ಸೈಡಿಗೆ ಹಾಕಿ ನೋಡಿದ್ರೆ ರಿಂಗಿನ ಅಂಚು ಎದ್ದು ಗಾಳಿಗೆ ಬಡ್ಕೊಳ್ತಾ ಇದೆ.

ಆಮೇಲೆ ಬಿಚ್ಚಿಸಿದಾಗ ಕಂಡಿದ್ದು ಇನ್ನೂ ಭಯ. ರಿಂಗ್ ಹಿಂದೆ ಮಣ್ಣು ಮರಳು ಸೇರ್ಕೊಂಡು ಸೈಡ್‌ವಾಲನ್ನ, ಅಂದ್ರೆ ಟೈರಿನ ಪಕ್ಕದ ಗೋಡೇನ, ಸುತ್ತಲೂ ಉಜ್ಜಿ ಗೆರೆ ಕೊರೆದಿತ್ತು. ರೇಡಿಯಲ್ ಟೈರ್ ಸೈಡ್‌ವಾಲ್ ಪ್ರತಿ ಸುತ್ತಿಗೂ ಬಾಗ್ತಾ ಇರುತ್ತೆ, ರಿಂಗ್ ಮೇಲೆ ಉಜ್ಜೋದು ನಿಲ್ಲೋದೇ ಇಲ್ಲ. ಶೋಗೆ ನಿಲ್ಸೋ ಕಾರಿಗೆ ಬೇಕಾದ್ರೆ ಹಾಕ್ಕೊಳ್ಳಿ, ಜನ ಕೂರೋ ಗಾಡಿಗೆ ಬೇಡವೇ ಬೇಡ. ನಿಜವಾದ ವೈಟ್‌ವಾಲಲ್ಲಿ ಬಿಳಿ ರಬ್ಬರು ಟೈರ್ ಜೊತೇಲೇ ಮೋಲ್ಡ್ ಆಗಿರುತ್ತೆ, ಅದರ ಮೇಲಿನ ತೆಳು ಕಪ್ಪು ಪದರ ಉಜ್ಜಿ ತೆಗೆದು ಬಿಳಿ ಕಾಣಿಸ್ತಾರೆ. ಬಿಳಿ ಅಂಚಲ್ಲಿ ಉಗುರು ಹಾಕಿ ನೋಡಿ, ಬಿಡಿಯಾಗಿ ಏಳೋ ತುದಿ ಸಿಕ್ತೋ, ಅದು ರಿಂಗೇ.

ಇದಕ್ಕಿಂತ ದೊಡ್ಡ ಮೋಸ ಲೋಡಿಂದು. ಅವನು ಹಾಕಿದ್ದು ಸೈಜೇನೋ ಸರಿ, 235/75ಆರ್15, ಆದ್ರೆ ಲೋಡ್ ಇಂಡೆಕ್ಸ್ 105. ಅಂದ್ರೆ ಒಂದು ಟೈರ್ 925 ಕೆಜಿ ಹೊರುತ್ತೆ. ಅದೇ ಸೈಜಲ್ಲಿ ಜಾಸ್ತಿ ಭಾರ ಹೊರೋ ಎಕ್ಸ್‌ಟ್ರಾ ಲೋಡ್ ಟೈರ್, ಇಂಡೆಕ್ಸ್ 109 ಇರೋದು ಬರುತ್ತೆ, ಅದು 1030 ಕೆಜಿ. ಶವವಾಹನ ಅಂದ್ರೆ ಕಾರನ್ನ ಉದ್ದ ಮಾಡಿ ಮೇಲೆ ಭಾರದ ಬಾಡಿ ಕಟ್ಟಿರೋದು, ಪೆಟ್ಟಿಗೆ ಬೇರೆ, ಜನ ಬೇರೆ, ತೂಕ ಜಾಸ್ತಿ ಬೀಳೋದು ಹಿಂದಿನ ಆಕ್ಸಲ್ ಮೇಲೆ. ಮೂಲ ಕಾರಿನ ಬಾಗಿಲ ಸ್ಟಿಕ್ಕರ್ ನಂಬಬೇಡಿ, ಬಾಡಿ ಕಟ್ಟಿದವರು ಹಾಕಿರೋ ಪ್ಲೇಟಲ್ಲಿ ಏನಿದೆ ಅದೇ ಲೆಕ್ಕ, ಗಾಳಿ ಪ್ರೆಶರ್ ಕೂಡ ಅದರದ್ದೇ. ಲಿಮೋಸಿನ್‌ಗೂ ಇದೇ ಮಾತು.

ಡೇಟ್ ಕೂಡ ನೋಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಡಾಟ್ (DOT) ಕೋಡ್ ಕೊನೇ ನಾಲ್ಕು ಅಂಕಿ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ವೈಟ್‌ವಾಲ್ ಸೇಲ್ ಕಮ್ಮಿ, ಗೋಡೌನಲ್ಲಿ ಕೂತ ಮಾಲು ಹೊಸದು ಅಂತ ತಲೆಗೆ ಕಟ್ತಾರೆ. ನಮ್ ಗಾಡಿಗಳು ಓಡೋದೂ ಕಮ್ಮಿ, ಟ್ರೆಡ್, ಅಂದ್ರೆ ರಸ್ತೆ ಮುಟ್ಟೋ ಭಾಗ, ಸವೆಯೋ ಮೊದ್ಲೇ ರಬ್ಬರ್ ಮುದಿಯಾಗುತ್ತೆ, ಟ್ರೆಡ್ ಚೆನ್ನಾಗೇ ಇದೆಯಲ್ಲ ಅಂತ ಹತ್ತು ವರ್ಷ ಓಡ್ಸೋರಿದ್ದಾರೆ, ದೇವ್ರೇ ಕಾಪಾಡ್ಬೇಕು.

ಕೊನೆಗೆ ಬೇರೆ ಕಡೆ ಅಸಲಿ ವೈಟ್‌ವಾಲ್ ತರಿಸ್ಕೊಂಡ್ವಿ. ಹೊಸದರ ಬಿಳಿ ಮೇಲೆ ನೀಲಿ ಬಳಿದಿರುತ್ತೆ, ಒಂದ್ರ ಮೇಲೊಂದು ಪೇರಿಸಿದಾಗ ಪಕ್ಕದ ಟೈರಿನ ಕಪ್ಪು ಹತ್ತಬಾರ್ದು ಅಂತ. "ಇರ್ಲಿ ಬಿಡಿ ಸಾರ್ ಪ್ರೊಟೆಕ್ಷನ್ನು" ಅಂತಾರೆ, ಕೇಳ್ಬೇಡಿ, ಫಿಟ್ ಆದ ಕೂಡ್ಲೇ ಸೋಪು ನೀರಲ್ಲಿ ತೊಳೀರಿ, ಬಿಸಿಲಿಗೆ ಒಣಗಿಬಿಟ್ರೆ ಬಿಡ್ಸೋಕೆ ಸಾಕುಬೇಕಾಗುತ್ತೆ. ವಾಷಿಂಗ್‌ನವರು ಟೈರ್ ಹೊಳಪಿಗೆ ಹಚ್ಚೋ ಎಣ್ಣೆಯಂಥ ಡ್ರೆಸ್ಸಿಂಗ್ ಬಿಳಿ ಮೇಲೆ ಬೇಡ, ಕಂದು ಬಣ್ಣ ಬರುತ್ತೆ. ಬ್ಲೀಚ್ ದಿನಾ ಹಾಕಿದ್ರೆ ರಬ್ಬರ್ ಒಣಗಿ ಬಿರಿಯುತ್ತೆ. ಸೋಪು, ಬ್ರಷ್ಷು, ಟೈರ್ ತಣ್ಣಗಿರೋವಾಗ, ಅಷ್ಟು ಸಾಕು, ಫುಟ್‌ಪಾತ್ ಅಂಚಿಗೆ ಉಜ್ಜಿದ ಕರಿ ಗೆರೆಗೆ ಮಾತ್ರ ಸೋಪಿನ ಸ್ಟೀಲ್‌ವೂಲ್ ಮೆತ್ತಗೆ. ಒಳಗಿನ ಕಪ್ಪು ರಬ್ಬರಿಂದ ಕೆಮಿಕಲ್ ಇಳಿದು ಹಳದಿ ಆಗಿದ್ರೆ ಎಷ್ಟು ತಿಕ್ಕಿದ್ರೂ ಮತ್ತೆ ಬರುತ್ತೆ, ಸುಮ್ನೆ ಕೈ ನೋವು.

ಆ ಮೊದಲ್ನೇ ಆಸಾಮಿ ರಿಂಗಿನ ದುಡ್ಡು ವಾಪಸ್ ಕೊಟ್ಟ, ಟೈರಿಂದು ಕೊಡ್ಲಿಲ್ಲ. ಬಿಲ್ಲಲ್ಲಿ "ವೈಟ್‌ವಾಲ್ 4" ಅಂತಷ್ಟೇ ಬರೆದಿದ್ದ, ಸೈಜೂ ಇಲ್ಲ ಲೋಡೂ ಇಲ್ಲ ಡೇಟೂ ಇಲ್ಲ, ಕೇಳಿದ್ರೆ ಬಿಳಿ ಬಂತಲ್ಲ ಸಾರ್ ಅಂತಾನೆ. ಮೂರನ್ನೂ ಬಿಲ್ ಮೇಲೆ ಬರೆಸ್ಕೊಂಡೇ ದುಡ್ಡು ಕೊಡಿ.